ಮಾತ್ರೆ, ವಂಕಿ, ಆಪರೇಷನ್: ಹೆಂಗಸರು ಯಾವಾಗ ಒಪ್ಪುತ್ತಾರೆ, ಯಾವಾಗ ಒಲ್ಲೆ ಅನ್ನುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯಾದ ಹೆಂಗಸರ ಜೊತೆ ಗರ್ಭನಿರೋಧಕದ ಮಾತು ಬಂದಾಗೆಲ್ಲ ಸುತ್ತಿ ಸುತ್ತಿ ಬರುವ ಪ್ರಶ್ನೆಗಳು ಇವು. ಕೆಲವು ಲಸಿಕೆ ದಿನ ಅಂಗನವಾಡಿ ಜಗಲಿಯಲ್ಲಿ ಕೇಳಿದವು, ಕೆಲವು ಮದುವೆಮನೆಯ ಒಳಕೋಣೆಯಲ್ಲಿ. ಕೆಲವು ಪತ್ರದಲ್ಲಿ ಬಂದವು. ಗಂಡಸರು, ಅತ್ತೆಯಂದಿರು, ಆಶಾ ಕಾರ್ಯಕರ್ತೆಯರು ಕೇಳಿದ್ದೂ ಇವೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಯಾವ ವಿಧಾನ ನಿಮ್ಮ ಮೈಗೆ ಹೊಂದುತ್ತದೆ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಇಲ್ಲಿ ಹೆಚ್ಚಾಗಿ ಇರುವುದು ಒಪ್ಪುವುದರ ಮತ್ತು ಒಪ್ಪದಿರುವುದರ ಹಿಂದಿನ ಲೆಕ್ಕಾಚಾರ.

## ಮೊದಲ ಪ್ರಶ್ನೆಗಳು

ಇಷ್ಟು ವರ್ಷ ಆದ್ರೂ ಹಳ್ಳಿ ಹೆಂಗಸರಿಗೆ ಇದೆಲ್ಲ ಗೊತ್ತಿಲ್ವಾ?

ಗೊತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲ ಹೆಂಗಸರೂ ಒಂದಲ್ಲ ಒಂದು ವಿಧಾನ ತಮಗೆ ಗೊತ್ತು ಅನ್ನುತ್ತಾರೆ. ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನ ನೋಡುತ್ತಾ ಎರಡು ತಲೆಮಾರು ಬೆಳೆದಿದೆ.

ಗೊತ್ತಿಲ್ಲದಿರುವುದು ಬೇರೆ. ಮಾತ್ರೆ ಒಂದು ದಿನ ಮರೆತರೆ ಏನು ಮಾಡಬೇಕು? ಇಂಜೆಕ್ಷನ್ ತಗೊಂಡ ಮೇಲೆ ಮುಟ್ಟು ತಪ್ಪಿದರೆ ಬಸುರಿ ಅಂತಲೋ, ಅಲ್ಲವೋ? ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಬೇಡ ಅನ್ನಿಸಿದರೆ ಯಾರು ತೆಗೆಯುತ್ತಾರೆ, ಎಲ್ಲಿ? ಇಂಥವನ್ನು ಕೂತು ಹೇಳುವವರು ಕಡಿಮೆ. ಉತ್ತರ ಸಿಗದ ಹೆಂಗಸು "ಬೇಡ" ಅಂದರೆ ಅದನ್ನು ಅಜ್ಞಾನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಗೊತ್ತಿಲ್ಲದ ಹೊಳೆಗೆ ಇಳಿಯದವಳನ್ನು ದಡ್ಡಿ ಅಂತೀವಾ?

ನಮ್ಮ ಕರ್ನಾಟಕದಲ್ಲಿ ಎಷ್ಟು ಜನ ಬಳಸ್ತಾರೆ? ಯಾವುದು ಜಾಸ್ತಿ?

2019-21ರ ಸಮೀಕ್ಷೆ ಪ್ರಕಾರ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 69 ಮಂದಿಯ ಮನೆಯಲ್ಲಿ ಯಾವುದಾದರೂ ಒಂದು ವಿಧಾನ ಬಳಕೆಯಲ್ಲಿತ್ತು. ಅದರಲ್ಲಿ 57 ಮಂದಿಯದು ಹೆಂಗಸಿನ ಆಪರೇಷನ್. ಮಾತ್ರೆ, ವಂಕಿ, ಕಾಂಡೋಮ್, ಇಂಜೆಕ್ಷನ್ ಎಲ್ಲ ಸೇರಿಸಿದರೂ ಹನ್ನೊಂದರ ಆಸುಪಾಸು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗುವುದಿಲ್ಲ. ಸಮೀಕ್ಷೆಯ ಪಟ್ಟಿಯಲ್ಲಿ ಅದರ ಮುಂದೆ ಇರುವುದು ಸೊನ್ನೆ.

ದೇಶದ ಸರಾಸರಿಯಲ್ಲಿ ಹೆಂಗಸರ ಆಪರೇಷನ್ ನೂರಕ್ಕೆ 38. ಅಂದರೆ ನಮ್ಮಲ್ಲಿ ಬಹಳ ಜಾಸ್ತಿ. ನಮ್ಮ ಹೆಂಗಸರಿಗೆ ಗರ್ಭನಿರೋಧಕ ಅಂದರೆ ಆಪರೇಷನ್, ಅಷ್ಟೇ. ಮುಂದಿನ ಎಷ್ಟೋ ಉತ್ತರಗಳು ಈ ಒಂದು ಸಂಗತಿಗೇ ಬಂದು ನಿಲ್ಲುತ್ತವೆ.

ಆಪರೇಷನ್‌ಗೆ ಒಪ್ತಾರೆ, ಮಾತ್ರೆ ವಂಕಿ ಅಂದ್ರೆ ಓಡ್ತಾರೆ. ಯಾಕೆ?

ಹೊರಗಿನಿಂದ ನೋಡಿದರೆ ಉಲ್ಟಾ ಕಾಣುತ್ತದೆ. ಕತ್ತರಿಸಿ ಕಟ್ಟುವುದಕ್ಕೆ ಹೆದರದವರು ಸಾಸಿವೆಕಾಳಿನಷ್ಟು ಮಾತ್ರೆಗೆ ಹೆದರುತ್ತಾರಲ್ಲ ಅಂತ. ಅವರ ಜಾಗದಲ್ಲಿ ನಿಂತು ನೋಡಿ.

ಆಪರೇಷನ್ ಒಂದೇ ಸಲ. ಒಂದೇ ಸಲ ಮನೆಯವರನ್ನು ಒಪ್ಪಿಸಬೇಕು, ಒಂದೇ ಸಲ ನೋವು, ಒಂದೇ ಸಲ ರಜೆ. ಮಾತ್ರೆ ದಿನಾ ನೆನಪಿಡಬೇಕು. ಎಲ್ಲರೂ ಕೈಹಾಕುವ ಒಂದೇ ಗೋಡೆ ಕಪಾಟಿರುವ ಮನೆಯಲ್ಲಿ ಅದನ್ನು ಎಲ್ಲಿಡುವುದು? ಸಾಸಿವೆ ಡಬ್ಬಿಯ ಕೆಳಗೆ ಇಟ್ಟವರಿದ್ದಾರೆ, ಹರಿದ ರವಿಕೆಯ ಗಂಟಲ್ಲಿ ಕಟ್ಟಿಟ್ಟವರಿದ್ದಾರೆ. ತಿಂಗಳು ತಿಂಗಳು ಮತ್ತೆ ತರಬೇಕು. ಆಶಾ ಅಕ್ಕ ರಜೆಯಲ್ಲಿದ್ದರೆ ಮೆಡಿಕಲ್ ಶಾಪಿಗೆ ಹೋಗಿ ಊರವರ ಎದುರು ಕೇಳಬೇಕು.

ಇನ್ನೊಂದು ಕಾರಣ, ಆಪರೇಷನ್‌ಗೆ ಮರ್ಯಾದೆ ಇದೆ. ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಂಡಳು ಅಂದರೆ ಜವಾಬ್ದಾರಿ ಮುಗಿಸಿದಳು ಅಂತ ಅರ್ಥ. ತವರಿನಿಂದ ಅವ್ವ ಬರುತ್ತಾಳೆ, ಬಿಸಿ ಸಾರು ಮಾಡಿ ಹಾಕುತ್ತಾಳೆ, ನಾಲ್ಕು ದಿನ ಯಾರೂ ಕೆಲಸ ಹೇಳುವುದಿಲ್ಲ. ಮಾತ್ರೆ ನುಂಗಿ ತಲೆ ಸುತ್ತಿದರೆ ಅಷ್ಟು ಉಪಚಾರ ಯಾರೂ ಮಾಡಲ್ಲ.

ಸರ್ಕಾರದ ಪಾಲೂ ಇದರಲ್ಲಿ ದೊಡ್ಡದು. 1960ರ ದಶಕದಿಂದ 1996ರವರೆಗೆ ಆರೋಗ್ಯ ಇಲಾಖೆ ಟಾರ್ಗೆಟ್ ಹಿಡಿದು ಕೆಲಸ ಮಾಡಿತು. ಇಂತಿಷ್ಟು ಆಪರೇಷನ್ ಆಗಲೇಬೇಕು ಅಂತ. ಟಾರ್ಗೆಟ್ ಪದ್ಧತಿ ಕಾಗದದ ಮೇಲೆ ಹೋದರೂ ಅಭ್ಯಾಸ ಹೋಗಲಿಲ್ಲ. ಅತ್ತೆಗೆ ಆಪರೇಷನ್ ಆಗಿದೆ, ಅಕ್ಕನಿಗೆ ಆಗಿದೆ, ವಾರಗಿತ್ತಿಗೆ ಆಗಿದೆ. ಪಕ್ಕದ ಮನೆಯವಳಿಗೆ ಆಗಿ ಅವಳು ಚೆನ್ನಾಗಿರುವುದು ಕಣ್ಣೆದುರು ಕಾಣುತ್ತದೆ. ವಂಕಿ ಹಾಕಿಸಿಕೊಂಡವಳು ಯಾರಿಗೂ ಹೇಳುವುದಿಲ್ಲ, ತೊಂದರೆಯಾದಾಗ ಮಾತ್ರ ಹೇಳುತ್ತಾಳೆ. ಹಾಗಾಗಿ ವಂಕಿಯ ಕೆಟ್ಟ ಸುದ್ದಿ ಮಾತ್ರ ಓಡಾಡುತ್ತದೆ.

ಮದುವೆಯಾದ ಹೊಸದರಲ್ಲಿ ಯಾರೂ ಯಾಕೆ ಏನೂ ಬಳಸಲ್ಲ?

ಮದುವೆಯಾಗಿ ಮೂರನೇ ತಿಂಗಳಿಗೆ "ಏನಾದ್ರೂ ವಿಶೇಷ ಇದೆಯಾ?" ಶುರುವಾಗುತ್ತದೆ. ಆರು ತಿಂಗಳಾದರೆ ದೇವರಿಗೆ ಹರಕೆ. ವರ್ಷ ದಾಟಿದರೆ "ಡಾಕ್ಟರಿಗೆ ತೋರಿಸಿದ್ರಾ?" ಹೊಸ ಸೊಸೆಗೆ ಆ ಮನೆಯಲ್ಲಿ ಇನ್ನೂ ಜಾಗ ಸಿಕ್ಕಿರುವುದಿಲ್ಲ. ಮೊದಲ ಮಗು ಆದ ಮೇಲೆ ಮಾತಿಗೆ ಸ್ವಲ್ಪ ತೂಕ ಬರುತ್ತದೆ. ಅದನ್ನು ಮುಂದೂಡು ಅಂದರೆ ಅವಳು ತನ್ನ ಜಾಗವನ್ನೇ ಮುಂದೂಡಿದ ಹಾಗೆ.

ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಆ ವಯಸ್ಸಿನ ಹುಡುಗಿ ಗಂಡನ ಹತ್ತಿರ ಈ ಮಾತು ಎತ್ತುವುದುಂಟಾ? ಎತ್ತಿದರೆ "ನಿಂಗೆ ಇದೆಲ್ಲ ಯಾರು ಹೇಳಿಕೊಟ್ರು?" ಎಂಬ ಪ್ರಶ್ನೆ ಮೊದಲು ಬರುತ್ತದೆ.

## ಮನೆಯೊಳಗಿನವು

ನಮ್ಮತ್ತೆ ಬಿಡಲ್ಲ. ಹೆಂಗಸಾಗಿ ಅವರೇ ಯಾಕೆ ಅಡ್ಡ ಬರ್ತಾರೆ?

ಎಲ್ಲ ಅತ್ತೆಯರೂ ಅಡ್ಡ ಬರುವುದಿಲ್ಲ. ಎರಡು ಮಕ್ಕಳಾದ ಮೇಲೆ ಸೊಸೆಯನ್ನು ಆಪರೇಷನ್‌ಗೆ ಕೈ ಹಿಡಿದು ಕರೆದುಕೊಂಡು ಹೋಗುವವರೂ ಅವರೇ. ಅವರಿಗೆ ಆಗದಿರುವುದು ಮೊದಲ ಮಗು ತಡ ಮಾಡುವುದು, ಮತ್ತು ಬಸುರು ನಿಲ್ಲಿಸುವ ತೀರ್ಮಾನ ತಮ್ಮನ್ನು ಕೇಳದೆ ಆಗುವುದು.

2018ರಲ್ಲಿ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ನಡೆದ ಒಂದು ಅಧ್ಯಯನ ಇನ್ನೊಂದು ಸೂಕ್ಷ್ಮ ತೋರಿಸಿತು. ಅತ್ತೆಯ ಜೊತೆ ಒಂದೇ ಮನೆಯಲ್ಲಿರುವ ಸೊಸೆಯರಿಗೆ ಹೊರಗೆ ಆಪ್ತರು ಕಡಿಮೆ. ಯಾರ ಹತ್ತಿರವೂ ಇಂಥ ವಿಷಯ ಮಾತಾಡಲು ಆಗುವುದಿಲ್ಲ, ಆಸ್ಪತ್ರೆಗೆ ಜೊತೆಗೆ ಬರುವವರಿಲ್ಲ. ಅತ್ತೆ ಬಾಯಿಬಿಟ್ಟು "ಬೇಡ" ಅನ್ನಬೇಕಾಗೇ ಇಲ್ಲ. ಸೊಸೆ ಹೊರಗೆ ಹೋಗುವುದು ಕಡಿಮೆಯಾದರೆ ಸಾಕು.

ಅದು ಉತ್ತರದ ಹಳ್ಳಿಗಳ ಮಾತು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘ, ವಾರದ ಸಂತೆ, ಗಾರ್ಮೆಂಟ್ಸ್ ಬಸ್ಸು ಇವೆ. ಗಾರ್ಮೆಂಟ್ಸ್ ಬಸ್ಸಿನಲ್ಲಿ ನಡೆಯುವ ಮಾತುಕತೆಯಷ್ಟು ಕೆಲಸ ನಮ್ಮ ಭಿತ್ತಿಪತ್ರಗಳು ಮಾಡಿಲ್ಲ ಅನ್ನುವುದು ನನ್ನ ಅನಿಸಿಕೆ.

ಗಂಡು ಮಗು ಆಗೋವರೆಗೂ ನಿಲ್ಲಿಸಲ್ಲ ಅನ್ನೋದು ಈಗಲೂ ಇದೆಯಾ?

ಇದೆ, ಬೇರೆ ವೇಷದಲ್ಲಿ. "ಆರತಿಗೊಬ್ಬಳು, ಕೀರ್ತಿಗೊಬ್ಬ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಕೇಳಲು ಸಮ ಅನ್ನಿಸುತ್ತದೆ. ಎರಡೂ ಗಂಡಾದರೆ ಆರತಿಯ ಆಸೆಗೆ ಮೂರನೆಯದಕ್ಕೆ ಹೋಗುವವರು ವಿರಳ. ಎರಡೂ ಹೆಣ್ಣಾದರೆ ಕೀರ್ತಿಗಾಗಿ ಇನ್ನೊಂದು ಸಲ ನೋಡೋಣ ಅನ್ನುವವರು ಈಗಲೂ ಸಿಗುತ್ತಾರೆ. ಗಂಡು ಮಗುವಿರುವ ಹೆಂಗಸರು ಬೇಗ "ಸಾಕು" ಅನ್ನುವುದನ್ನು ಒಂದಾದ ಮೇಲೊಂದು ಸಮೀಕ್ಷೆ ತೋರಿಸಿದೆ.

ಮಕ್ಕಳು ಎರಡೇ ಸಾಕು, ಆದರೆ ಒಂದು ಗಂಡಾಗಲೇಬೇಕು. ಈ ಎರಡು ಆಸೆ ಕೂಡಿದಲ್ಲಿ ಸ್ಕ್ಯಾನಿಂಗ್ ದಂಧೆ ಹುಟ್ಟುತ್ತದೆ. 1994ರಲ್ಲೇ ಕಾನೂನು ಬಂದಿದ್ದರೂ 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಮಷಿನ್ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಅಲ್ಲಿಗೆ ಹೋದ ಹೆಂಗಸರಿಗೆ ಗರ್ಭನಿರೋಧಕ ಗೊತ್ತಿರಲಿಲ್ಲ ಅಂತ ಯಾರೂ ಹೇಳಲಾರರು.

ನಮ್ಮನೆಯವರು "ನೀನೇ ಮಾಡಿಸ್ಕೋ" ಅಂತಾರೆ. ಗಂಡಸರ ಆಪರೇಷನ್ ಸುಲಭ ಅಂತಾರಲ್ಲ, ಮತ್ತೆ ಯಾಕೆ ಹೆದರ್ತಾರೆ?

ಸುಲಭ ಹೌದು. ಹೊಟ್ಟೆ ತೆರೆಯುವುದಿಲ್ಲ, ಜಾಗಕ್ಕೆ ಮಾತ್ರ ಮರಗಟ್ಟಿಸುತ್ತಾರೆ, ಅವತ್ತೇ ಮನೆಗೆ ಬರಬಹುದು. ಶಕ್ತಿ ಹೋಗುವುದಿಲ್ಲ, ಸಂಸಾರಕ್ಕೆ ತೊಂದರೆಯಿಲ್ಲ. ಒಂದೇ ಎಚ್ಚರ: ಅದು ಅವತ್ತಿನಿಂದಲೇ ಕೆಲಸ ಮಾಡುವುದಿಲ್ಲ. ಸುಮಾರು ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಯೇ ನಂಬಬೇಕು. ಇದನ್ನು ಹೇಳದೆ ಕಳಿಸಿ, ಹೆಂಡತಿ ಬಸುರಿಯಾಗಿ, ಅವಳ ಮೇಲೆ ಅನುಮಾನ ಬಂದ ಮನೆಗಳಿವೆ. ಅಂಥ ಒಂದು ಸುದ್ದಿ ಊರಿನ ಇಪ್ಪತ್ತು ಗಂಡಸರನ್ನು ಹಿಂದಕ್ಕೆ ಕಳಿಸುತ್ತದೆ.

ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಗಂಡಸರ ಆಪರೇಷನ್ನೇ ಜಾಸ್ತಿ ಇತ್ತು. 1971ರಲ್ಲಿ ಕೇರಳದ ಎರ್ನಾಕುಲಂನಲ್ಲಿ ಒಂದೇ ತಿಂಗಳ ಕ್ಯಾಂಪಿನಲ್ಲಿ 60 ಸಾವಿರಕ್ಕೂ ಹೆಚ್ಚು ಗಂಡಸರು ಮಾಡಿಸಿಕೊಂಡರು. ಆಮೇಲೆ ತುರ್ತುಪರಿಸ್ಥಿತಿ ಬಂತು. 1976-77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಆಪರೇಷನ್, ಅದರಲ್ಲಿ ಮುಕ್ಕಾಲು ಪಾಲು ಗಂಡಸರದು. ಎಷ್ಟೋ ಕಡೆ ಹಿಡಿದು ಎಳೆದುಕೊಂಡು ಹೋಗಿ ಮಾಡಿದ್ದು. ಸರ್ಕಾರ ಬಿತ್ತು. ಆಮೇಲೆ ಬಂದ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಭಾರವೆಲ್ಲ ಹೆಂಗಸರ ಕಡೆಗೆ ಜಾರಿತು. 1980ರ ದಶಕದಲ್ಲಿ ಸಣ್ಣ ತೂತಿನಿಂದಲೇ ಆಪರೇಷನ್ ಮಾಡುವ ಲ್ಯಾಪ್ರೋಸ್ಕೋಪ್ ಬಂದ ಮೇಲೆ ಅದು ಇನ್ನೂ ಸಲೀಸಾಯಿತು.

ಹಾಗಂತ ಎಲ್ಲವನ್ನೂ ಇತಿಹಾಸದ ಮೇಲೆ ಹಾಕಿ ಗಂಡಸರನ್ನು ಬಿಟ್ಟುಬಿಡುವ ಹಾಗಿಲ್ಲ. 2019-21ರ ಸಮೀಕ್ಷೆಯಲ್ಲಿ ದೇಶದ ನೂರಕ್ಕೆ 35 ಗಂಡಸರು "ಇದು ಹೆಂಗಸರ ವಿಷಯ, ಗಂಡಸಿಗೆ ಯಾಕೆ ತಲೆನೋವು" ಎಂಬ ಮಾತಿಗೆ ತಲೆಯಾಡಿಸಿದ್ದಾರೆ. ಬೇಸರದ ಇನ್ನೊಂದು ಸಂಗತಿ: "ಅವರು ದುಡಿಯೋರು, ಅವರಿಗೇನಾದ್ರೂ ಆದ್ರೆ?" ಅಂತ ಎಷ್ಟೋ ಸಲ ಹೆಂಡತಿಯೇ ತಡೆಯುತ್ತಾಳೆ. ತಾನೂ ಹೊಲದಲ್ಲಿ ದುಡಿಯುವುದು ಅವಳಿಗೆ ಲೆಕ್ಕಕ್ಕಿಲ್ಲ.

ಯಜಮಾನ್ರು ದುಬೈಲಿದ್ದಾರೆ. ವರ್ಷಕ್ಕೊಂದು ಸಲ ಬರ್ತಾರೆ. ಮಾತ್ರೆ ತಗೊಂಡ್ರೆ ಜನ ಏನಂತಾರೆ?

ಇದು ಕರಾವಳಿಯಿಂದ ಬಂದ ಪ್ರಶ್ನೆ. ಹೀಗೇ ಒಂದು ಪ್ರಶ್ನೆ ಯಾದಗಿರಿ ಕಡೆಯಿಂದಲೂ ಬಂತು. ಅಲ್ಲಿ ಗಂಡ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಹಬ್ಬಕ್ಕೆ ಬರುವವನು. ಇಬ್ಬರ ಹೆದರಿಕೆಯೂ ಒಂದೇ. ಗಂಡ ಊರಲ್ಲಿಲ್ಲದಾಗ ಮಾತ್ರೆ ಕಂಡರೆ ಮಾತು ಬರುತ್ತದೆ. ಗರ್ಭನಿರೋಧಕ ಬಳಸುವ ಹೆಂಗಸು ದಾರಿ ತಪ್ಪಬಹುದು ಅನ್ನುವವರು ದೇಶದ ಗಂಡಸರಲ್ಲಿ ಐವರಲ್ಲೊಬ್ಬರು. ಅಂದಮೇಲೆ ಆ ಹೆದರಿಕೆ ಸುಮ್ನೆ ಅಲ್ಲ.

ಇಂಥವರು ಗಂಡ ಬಂದಾಗ ಮಾತ್ರ ಏನಾದರೂ ಬಳಸಲು ನೋಡುತ್ತಾರೆ. ಆದರೆ ಬಸ್ಸಿಳಿದು ಬಂದ ದಿನ ಮಾತ್ರೆ ಶುರು ಮಾಡಿದರೆ ಅವತ್ತಿಗೇ ಫಲವಿಲ್ಲ. ಕಾಂಡೋಮ್ ಇವರಿಗೆ ಒಪ್ಪುವ ವಿಧಾನ. ಅದು ಅವನ ಕೈಯಲ್ಲಿದೆ ಅನ್ನುವುದೇ ತೊಡಕು. ಬರುವ ದಿನ ಮೊದಲೇ ಗೊತ್ತಿದ್ದರೆ ಒಂದು ತಿಂಗಳು ಮುಂಚೆ ಆಶಾ ಅಕ್ಕನ ಹತ್ತಿರವೋ ನರ್ಸಮ್ಮನ ಹತ್ತಿರವೋ ಮಾತಾಡಿ.

ಗಂಡನಿಗೆ ಹೇಳದೆ ಬಳಸಬಹುದಾ? ಆಪರೇಷನ್‌ಗೆ ಅವರ ಸಹಿ ಬೇಕಲ್ವಾ?

ನಿಯಮದ ಪ್ರಕಾರ ಬೇಡ. ಆಪರೇಷನ್‌ಗೆ ಮಾಡಿಸಿಕೊಳ್ಳುವವರ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಗರ್ಭಪಾತಕ್ಕೂ 18 ದಾಟಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಆಸ್ಪತ್ರೆಗಳಲ್ಲಿ ನಡೆಯುವುದು ಬೇರೆ. "ಮನೆಯವರನ್ನ ಕರ್ಕೊಂಡು ಬಾಮ್ಮ" ಅಂತ ವಾಪಸ್ ಕಳಿಸುತ್ತಾರೆ. ನಾಳೆ ಗಂಡ ಬಂದು ಗಲಾಟೆ ಮಾಡಿದರೆ ಅನ್ನುವ ಭಯ ಅವರಿಗೆ.

ಹೇಳದೆ ಬಳಸುವುದು ಒಳ್ಳೆಯದಾ ಅನ್ನುವುದು ಕಷ್ಟದ ಪ್ರಶ್ನೆ. ಆಫ್ರಿಕಾದ ಜಾಂಬಿಯಾ ದೇಶದ ಲುಸಾಕಾದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಉಚಿತ ಗರ್ಭನಿರೋಧಕದ ಚೀಟಿಯನ್ನು ಕೆಲವರಿಗೆ ಒಬ್ಬೊಬ್ಬರೇ ಇದ್ದಾಗ ಕೊಟ್ಟರು, ಕೆಲವರಿಗೆ ಗಂಡನ ಎದುರು ಕೊಟ್ಟರು. ಒಬ್ಬರೇ ಪಡೆದವರಲ್ಲಿ ಬಳಕೆ ಜಾಸ್ತಿಯಾಯಿತು, ಬೇಡದ ಬಸುರು ಕಡಿಮೆಯಾಯಿತು. ಆದರೆ ಆಮೇಲೆ ಕೇಳಿದಾಗ ಅವರ ನೆಮ್ಮದಿಯೂ ಕಡಿಮೆಯಾಗಿತ್ತು. ಗುಟ್ಟು ಕಾಪಾಡಲು ತಿಂಗಳುಗಟ್ಟಲೆ ಎದೆ ಹಿಡಿದುಕೊಂಡೇ ಇರಬೇಕಲ್ಲ. ಮನೆಯಲ್ಲಿ ಕೈ ಎತ್ತುವ ಗಂಡನಿದ್ದರೆ ನಾನು ಹೇಳಿ ಅನ್ನುವುದಿಲ್ಲ. ಅಂಥವರಿಗೆ ಮೂರು ತಿಂಗಳಿಗೊಮ್ಮೆಯ ಇಂಜೆಕ್ಷನ್ ದಾರಿಯಾದದ್ದುಂಟು. ಮನೆಯಲ್ಲಿ ಬಚ್ಚಿಡಬೇಕಾದ್ದು ಏನೂ ಇರುವುದಿಲ್ಲ.

## ಮೈಯ ಮಾತು

ಮಾತ್ರೆ ಉಷ್ಣ, ಮುಂದೆ ಮಕ್ಕಳೇ ಆಗಲ್ಲ ಅಂತಾರೆ. ನಿಜವಾ?

ಮಾತ್ರೆ ನಿಲ್ಲಿಸಿದ ಮೇಲೆ ಬಸಿರಾಗುವ ಶಕ್ತಿ ಬೇಗ ಮರಳುತ್ತದೆ. ಇಂಜೆಕ್ಷನ್‌ದು ಸ್ವಲ್ಪ ತಡ. ಕೊನೆಯ ಇಂಜೆಕ್ಷನ್ ಆದ ಮೇಲೆ ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಆ ಹತ್ತು ತಿಂಗಳು "ಬಂಜೆಯಾದೆನಾ" ಎಂಬ ಭಯದಲ್ಲೇ ಕಳೆಯುತ್ತದೆ. ಅವಳ ಪಾಡು ನೋಡಿದ ನಾದಿನಿ ಆಮೇಲೆ ಯಾವತ್ತೂ ಇಂಜೆಕ್ಷನ್ ಹತ್ತಿರ ಸುಳಿಯುವುದಿಲ್ಲ.

ಉಷ್ಣದ ಮಾತನ್ನು ನಗುವುದು ಸುಲಭ. ಆದರೆ ನಮ್ಮ ಹೆಂಗಸರು ಮೈಯನ್ನು ಅರ್ಥ ಮಾಡಿಕೊಳ್ಳುವುದೇ ಉಷ್ಣ-ಶೀತದ ಭಾಷೆಯಲ್ಲಿ. ವಾಕರಿಕೆ, ತಲೆನೋವು, ಮುಖದಲ್ಲಿ ಗುಳ್ಳೆ, ಮಧ್ಯೆ ಮಧ್ಯೆ ಬಟ್ಟೆಗೆ ಕಲೆ. ಕೆಲವು ಹಾರ್ಮೋನ್ ಮಾತ್ರೆಗಳಿಂದ ಕೆಲವರಿಗೆ ಇವೆಲ್ಲ ಆಗುತ್ತವೆ, ಇವನ್ನೆಲ್ಲ ಸೇರಿಸಿ ಅವರು "ಉಷ್ಣ" ಅನ್ನುತ್ತಾರೆ. "ಹಾಗೇನೂ ಇಲ್ಲ" ಅಂತ ಡಾಕ್ಟರು ಹೇಳಿದರೆ ಅವಳ ಅನುಭವವನ್ನೇ ಸುಳ್ಳು ಅಂದ ಹಾಗಾಗುತ್ತದೆ. "ಎರಡು ಮೂರು ತಿಂಗಳು ಹೀಗಾಗಬಹುದು, ಆಮೇಲೂ ನಿಲ್ಲದಿದ್ದರೆ ಬಾ, ಬೇರೆ ಕೊಡೋಣ" ಅಂದರೆ ಮುಕ್ಕಾಲು ಮಂದಿ ಮುಂದುವರಿಸುತ್ತಾರೆ ಎಂದು ಒಬ್ಬ ಹಿರಿಯ ನರ್ಸಮ್ಮ ನನಗೆ ಹೇಳಿದ್ದು ನೆನಪಿದೆ.

ಹಾರ್ಮೋನ್ ಇಲ್ಲದ ಮಾತ್ರೆಯೂ ಇದೆ. ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಸಹೇಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಛಾಯಾ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಇದರಲ್ಲಿ ಮುಟ್ಟು ಮುಂದೆ ಹೋಗುವುದುಂಟು, ಅದು ತಿಳಿದಿರಲಿ.

ವಂಕಿ ಹಾಕಿಸಿದ ಮೇಲೆ ಮುಟ್ಟು ಜಾಸ್ತಿ ಹೋಗ್ತಿದೆ. ಕೇಳಿದ್ರೆ "ಏನಾಗಲ್ಲ ಬಿಡು" ಅಂದ್ರು.

ಮೊದಲ ಕೆಲವು ತಿಂಗಳು ತಾಮ್ರದ ವಂಕಿಯಿಂದ ರಕ್ತ ಹೆಚ್ಚು ಹೋಗುವುದು, ಹೊಟ್ಟೆ ನೋವು ಬರುವುದು ಮಾಮೂಲು. ಎಷ್ಟೋ ಜನಕ್ಕೆ ಆಮೇಲೆ ತಾನೇ ಕಡಿಮೆಯಾಗುತ್ತದೆ. ಆದರೆ "ಏನಾಗಲ್ಲ ಬಿಡು" ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅಂಥವಳಿಗೆ ತಿಂಗಳಿಗೆ ಎರಡು ದಿನ ಹೆಚ್ಚು ಹೋಗುವುದು ಸಣ್ಣ ಮಾತಲ್ಲ. ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಬೇಡ ಅನ್ನಿಸಿದರೆ ತೆಗೆಸುವುದು ನಿಮ್ಮ ಹಕ್ಕು.

ಆಸ್ಪತ್ರೆಯವರ ಲೆಕ್ಕಕ್ಕೆ ಬರದ ಒಂದು ಕಷ್ಟವೂ ಇದೆ. ಮುಟ್ಟಾದಾಗ ದೇವರ ಮನೆಗೆ ಹೋಗಬಾರದು, ಕೆಲವು ಮನೆಯಲ್ಲಿ ಅಡುಗೆಮನೆಗೂ ಹೋಗಬಾರದು. ಮೂರು ದಿನದ್ದು ಎಂಟು ದಿನವಾದರೆ, ಯಾವಾಗ ಬರುತ್ತದೋ ಹೇಳಲಾಗದಿದ್ದರೆ ಹಬ್ಬಕ್ಕೆ, ಗೃಹಪ್ರವೇಶಕ್ಕೆ, ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವ ಹರಕೆಗೆ ಏನು ಮಾಡುವುದು? ಇಂಥ ಕಟ್ಟುಪಾಡು ಬೇಕೇ ಎಂಬ ಜಗಳ ಬೇರೆ. ಅದು ಇರುವವರೆಗೆ ರಕ್ತಸ್ರಾವ ಏರುಪೇರು ಮಾಡುವ ವಿಧಾನವನ್ನು ಹೆಂಗಸರು ಬೇಡ ಅನ್ನುತ್ತಲೇ ಇರುತ್ತಾರೆ.

ಅಂದಹಾಗೆ, ವಂಕಿ ಎದೆಗೆ ಏರುತ್ತದೆ ಅನ್ನುವುದು ಸುಳ್ಳು. ತಾನಾಗಿ ಜಾರಿ ಹೊರಬರಬಹುದು. ಬಹಳ ಅಪರೂಪಕ್ಕೆ, ಸಾವಿರಕ್ಕೆ ಒಬ್ಬರಲ್ಲಿ ಅನ್ನುವಷ್ಟು, ಹಾಕುವಾಗ ಗರ್ಭಕೋಶದ ಗೋಡೆಗೆ ಚುಚ್ಚಬಹುದು. ಎದೆಗೆ ದಾರಿಯೇ ಇಲ್ಲ.

ಹಾಲು ಕುಡಿಸ್ತಿದ್ರೆ ಬಸುರಿ ಆಗಲ್ಲ ಅಲ್ವಾ?

ಮೂರೂ ಕೂಡಿ ಬಂದರೆ ಮಾತ್ರ: ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ತಾಯಿಹಾಲು ಒಂದೇ ಕುಡಿಯುತ್ತಿರಬೇಕು, ಮುಟ್ಟು ಮರಳಿರಬಾರದು. ಇದರಲ್ಲಿ ಒಂದು ತಪ್ಪಿದರೂ ನಂಬುವ ಹಾಗಿಲ್ಲ. ಮುಟ್ಟಾಗುವ ಮೊದಲೇ ಅಂಡ ಬಿಡುಗಡೆಯಾಗುತ್ತದೆ. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು, ಮುಟ್ಟೇ ಕಾಣದೆ ಮತ್ತೆ ಬಸುರಾದವರು ಇದಕ್ಕೇ ಸಿಕ್ಕಿಬಿದ್ದದ್ದು.

## ಆಸ್ಪತ್ರೆ, ಸರ್ಕಾರ

ಹೆರಿಗೆ ಟೇಬಲ್ ಮೇಲೇ ಕೇಳ್ತಾರೆ, "ವಂಕಿ ಹಾಕೋಣ್ವಾ, ಆಪರೇಷನ್ ಮಾಡೋಣ್ವಾ" ಅಂತ. ಇದು ಸರೀನಾ?

ಹೆರಿಗೆಯಾದ 48 ಗಂಟೆಯೊಳಗೆ ವಂಕಿ ಹಾಕುವುದು ವೈದ್ಯಕೀಯವಾಗಿ ಸರಿಯೇ. ಮತ್ತೆ ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದೆ. ತಪ್ಪಿರುವುದು ಕೇಳುವ ಹೊತ್ತಿನಲ್ಲಿ. ನೋವು ತಿನ್ನುತ್ತಿರುವವಳು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಾಳೆ. ಈ ಮಾತು ಆಡಬೇಕಾದ್ದು ಐದನೇ, ಏಳನೇ ತಿಂಗಳ ತಪಾಸಣೆಯಲ್ಲಿ, ತಾಯಿ ಕಾರ್ಡ್ ಕೈಯಲ್ಲಿದ್ದಾಗ.

ನಮ್ಮ ಕುಟುಂಬದಲ್ಲೇ ಒಬ್ಬಳಿಗೆ ವಂಕಿ ಹಾಕಿದ್ದು ಗೊತ್ತಾದದ್ದು ಎರಡು ತಿಂಗಳ ಮೇಲೆ, ದಾರ ಕೈಗೆ ತಾಗಿದಾಗ. ಯಾವ ಆಸ್ಪತ್ರೆ ಅನ್ನುವುದು ಬೇಡ. ಅವಳು ಅದನ್ನು ತೆಗೆಸಿ ಹಾಕಿದಳು, ಆಮೇಲೆ ಹತ್ತು ವರ್ಷ ಯಾವ ವಿಧಾನದ ಮಾತೂ ಎತ್ತಗೊಡಲಿಲ್ಲ. ಕೇಳಿ ಹಾಕಿದ್ದರೆ ಒಪ್ಪುತ್ತಿದ್ದಳೇನೋ. ಅವಳೇ ಹಾಗೆ ಹೇಳುತ್ತಾಳೆ.

ಆಪರೇಷನ್ ಕ್ಯಾಂಪಲ್ಲಿ ಹೆಂಗಸರು ಸತ್ತಿದ್ರಂತೆ. ಈಗ ಭಯ ಇಲ್ವಾ?

2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಇಂಥ ಕ್ಯಾಂಪ್‌ಗಳನ್ನು ನಿಲ್ಲಿಸಬೇಕು ಎಂದು ಹೇಳಿತು. ಆಪರೇಷನ್‌ನಿಂದ ಸಾವು, ತೊಂದರೆ ಆದರೆ, ಅಥವಾ ಅದು ಫೇಲಾಗಿ ಬಸುರಾದರೆ ಸರ್ಕಾರದಿಂದ ಪರಿಹಾರವಿದೆ. ಆಪರೇಷನ್ ಆದ ಕಾಗದ ಜೋಪಾನವಾಗಿಡಿ. ಆಸ್ಪತ್ರೆಯಲ್ಲಿ ನಿಗದಿ ದಿನ, ಸರಿಯಾದ ತಪಾಸಣೆ ಆದ ಮೇಲೆ ಮಾಡಿಸಿಕೊಂಡರೆ ಅಪಾಯ ಬಹಳ ಕಡಿಮೆ.

ಇಪ್ಪತ್ತೈದಕ್ಕೇ ಆಪರೇಷನ್ ಮಾಡಿಸ್ಕೊಂಡೆ. ಈಗ ಬೇಜಾರಾಗ್ತಿದೆ. ನನ್ನ ತರ ಬೇರೆಯವರೂ ಇದ್ದಾರಾ?

ಇದ್ದಾರೆ. ನಿಯಮದಲ್ಲಿ 22 ತುಂಬಿರಬೇಕು, ಕನಿಷ್ಠ ಒಂದು ಮಗುವಿಗೆ ಒಂದು ವರ್ಷ ದಾಟಿರಬೇಕು ಅಂತಿದೆ. ಹದಿನೆಂಟಕ್ಕೆ ಮದುವೆ, ಇಪ್ಪತ್ತಕ್ಕೊಂದು, ಇಪ್ಪತ್ತೆರಡಕ್ಕೊಂದು ಮಗು, ಆಮೇಲೆ ಆಪರೇಷನ್. ನಮ್ಮಲ್ಲಿ ಇದೇ ದಾರಿ ಸವೆದಿದೆ. ಬೇಜಾರು ಬರುವುದು ಸಾಮಾನ್ಯವಾಗಿ ಮಗು ತೀರಿಕೊಂಡಾಗ, ಮರುಮದುವೆಯಾದಾಗ. ಮತ್ತೆ ಜೋಡಿಸುವ ಆಪರೇಷನ್ ಇದೆ. ಆದರೆ ಎಲ್ಲರಲ್ಲೂ ಫಲಿಸುವುದಿಲ್ಲ.

ಬೇಗ ಮಾಡಿಸಿಕೊಳ್ಳುವುದರಲ್ಲಿ ಒಂದು ಜಾಣತನವೂ ಇದೆ ಅನ್ನುವುದನ್ನು ಒಪ್ಪಬೇಕು. "ಮಕ್ಕಳ ಕಾಟ ಮುಗೀತು, ಇನ್ನು ಕೆಲಸಕ್ಕೆ ಹೋಗ್ತೀನಿ" ಅಂತ ಗಾರ್ಮೆಂಟ್ಸ್ ಸೇರಿದವರು ಬೇಕಾದಷ್ಟಿದ್ದಾರೆ. ನನ್ನ ತಕರಾರು ಇಷ್ಟೇ: ಹತ್ತು ವರ್ಷ ಇರುವ ವಂಕಿಯ ಬಗ್ಗೆ ಅವಳಿಗೆ ಆವತ್ತು ಯಾರಾದರೂ ಹೇಳಿದ್ದರಾ?

## ಇನ್ನೂ ಒಳಗೆ ಹೋಗುವವರಿಗೆ

ಓದಿದವರು ಜಾಸ್ತಿ ಬಳಸ್ತಾರೆ, ಓದದವರು ಕಡಿಮೆ. ಇಷ್ಟೇ ತಾನೆ?

ದಕ್ಷಿಣದಲ್ಲಿ ಈ ಲೆಕ್ಕ ಕೂಡುವುದಿಲ್ಲ. ಶಾಲೆಗೆ ಹೋಗದ ಹೆಂಗಸರಲ್ಲೇ ಆಪರೇಷನ್ ಜಾಸ್ತಿ. ಓದಿದವರು ಮಕ್ಕಳನ್ನು ತಡ ಮಾಡುತ್ತಾರೆ, ಕಾಂಡೋಮ್ ಬಳಸುತ್ತಾರೆ, ದಿನ ಲೆಕ್ಕ ಹಾಕುತ್ತಾರೆ. ದೇಶದಲ್ಲಿ ನೂರಕ್ಕೆ ಹತ್ತು ಮಂದಿ ದಿನ ಲೆಕ್ಕದಂಥ ಹಳೆಯ ಪದ್ಧತಿಗಳನ್ನೇ ನಂಬಿದ್ದಾರೆ.

ಬಹುಶಃ ತಾಯಿಯ ಓದಿಗಿಂತ ಮಕ್ಕಳ ಓದು ದೊಡ್ಡ ಕಾರಣ. 1980ರ ಸುಮಾರಿಗೆ ಜಾನ್ ಕಾಲ್ಡ್‌ವೆಲ್ ಎಂಬ ಆಸ್ಟ್ರೇಲಿಯಾದ ವಿದ್ವಾಂಸರು ಬೆಂಗಳೂರಿನ ಪಿ.ಎಚ್. ರೆಡ್ಡಿ ಮತ್ತಿತರರ ಜೊತೆ ಕರ್ನಾಟಕದ ಹಳ್ಳಿಗಳಲ್ಲಿ ಕೂತು ಅಧ್ಯಯನ ಮಾಡಿದ್ದರು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅವರು ದುಡಿಯುವ ಕೈಗಳಾಗಿ ಉಳಿಯದೆ ಖರ್ಚಾದರು, ಆಗ ಅಪ್ಪ-ಅವ್ವ ಕಡಿಮೆ ಮಕ್ಕಳು ಸಾಕು ಅಂದರು ಎಂಬುದು ಅವರು ಕಂಡ ಒಂದು ಮುಖ್ಯ ಸಂಗತಿ. ಈಗಿನ ಕಾನ್ವೆಂಟ್ ಫೀಸು ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಸ್ಲಿಮರು ಒಪ್ಪಲ್ಲ ಅಂತಾರಲ್ಲ?

ಆಪರೇಷನ್‌ಗೆ ಹಿಂಜರಿಕೆ ಹೆಚ್ಚು, ನಿಜ. ಮಾತ್ರೆ, ಕಾಂಡೋಮ್, ಅಂತರ ಇಡುವ ವಿಧಾನಗಳಿಗೆ ಅಷ್ಟಿಲ್ಲ. 1992-93ರ ಮೊದಲ ಸಮೀಕ್ಷೆಯಲ್ಲಿ ದೇಶದ ಮುಸ್ಲಿಂ ಹೆಂಗಸರಿಗೆ ಸರಾಸರಿ 4.4 ಮಕ್ಕಳು, ಹಿಂದೂಗಳಿಗೆ 3.3. 2019-21ಕ್ಕೆ ಅದು 2.4 ಮತ್ತು 1.9. ಇಬ್ಬರೂ ಇಳಿದಿದ್ದಾರೆ, ಮುಸ್ಲಿಮರು ಹೆಚ್ಚು ಇಳಿದಿದ್ದಾರೆ. ಆಪರೇಷನ್ ಒಂದನ್ನೇ ಮುಂದಿಟ್ಟು "ಅವರು ಒಪ್ಪಲ್ಲ" ಅನ್ನುವ ಆಸ್ಪತ್ರೆ, ವಂಕಿ-ಇಂಜೆಕ್ಷನ್ ಇಟ್ಟು ಕೇಳಿದೆಯಾ ಅಂತ ನೋಡಬೇಕು.

ಇದೆಲ್ಲ ಹೊರಗಿನವರು ತಂದದ್ದು, ನಮ್ಮ ಪದ್ಧತಿಯಲ್ಲ ಅಂತಾರೆ ಹಿರಿಯರು.

1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣದ ಕ್ಲಿನಿಕ್ ತೆರೆಯಲು ಹೊರಟಿತು. ಸರ್ಕಾರವೇ ತೆರೆದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಮೊದಲನೆಯವು ಎಂದು ಇವನ್ನು ಹೇಳುತ್ತಾರೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ಮಿರ್ಜಾ ಇಸ್ಮಾಯಿಲ್ ದಿವಾನರು. ಸ್ವತಂತ್ರ ಭಾರತದ ಕುಟುಂಬ ಯೋಜನೆ ಶುರುವಾದದ್ದು 1952ರಲ್ಲಿ. ಹಿರಿಯರಿಗೆ ಇದನ್ನು ಹೇಳಿ ನೋಡಿ.

ಸಮೀಕ್ಷೆಯ ಅಂಕಿಗಳನ್ನ ಎಷ್ಟು ನಂಬಬಹುದು?

ಪೂರ್ತಿ ಅಲ್ಲ, ಸ್ವಲ್ಪ ಅನುಮಾನ ಇಟ್ಟುಕೊಂಡೇ. ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ 52 ಇದ್ದ ಬಳಕೆ 2019-21ಕ್ಕೆ 69 ಆಯಿತು. ಐದೇ ವರ್ಷದಲ್ಲಿ ಹೆಂಗಸರ ಮನಸ್ಸು ಅಷ್ಟು ಬದಲಾಗಿದ್ದು ನಾನಂತೂ ಕಾಣೆ. ಯಾರು ಕೇಳಿದರು, ಹೇಗೆ ಕೇಳಿದರು, ಕೇಳುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರಾ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. ಆಪರೇಷನ್ ಆಗಿದೆ ಅನ್ನುವುದನ್ನು ಹೇಳಲು ನಾಚಿಕೆಯಿಲ್ಲ. ಕಾಂಡೋಮ್ ಬಳಸುತ್ತೇವೆ ಅಂತ ಅಪರಿಚಿತರ ಎದುರು ಎಷ್ಟು ಜನ ಹೇಳಿಯಾರು?

"ಬೇಕು ಆದರೆ ಸಿಕ್ಕಿಲ್ಲ" ಅನ್ನುವವರ ಲೆಕ್ಕವೂ ಹೀಗೇ. ಮಗು ಈಗ ಬೇಡ ಅಂದು ಏನೂ ಬಳಸದವರನ್ನು ಅದರಲ್ಲಿ ಸೇರಿಸುತ್ತಾರೆ. ದೇಶದಲ್ಲಿ ಅವರು ನೂರಕ್ಕೆ 9.4. ಅವರಲ್ಲಿ ಕೆಲವರಿಗೆ ಮಾತ್ರೆ ಸಿಕ್ಕಿಲ್ಲ. ಕೆಲವರಿಗೆ ಸಿಕ್ಕಿ, ನುಂಗಿ, ವಾಂತಿಯಾಗಿ ಬಿಟ್ಟಿದ್ದಾರೆ. ಇನ್ನು ಆಪರೇಷನ್ ಆದವಳು "ಬಳಸುವವಳು" ಎಂದು ಲೆಕ್ಕಕ್ಕೆ ಬರುತ್ತಾಳೆ. ಮೊದಲ ಎರಡು ಬಸುರು ಅವಳಿಗೆ ಬೇಕಾದಾಗಲೇ ಬಂದಿದ್ದವಾ ಅನ್ನುವುದು ಆ ಅಂಕಿಯಲ್ಲಿ ಕಾಣುವುದಿಲ್ಲ.

ಕರ್ನಾಟಕದಲ್ಲಿ ಮಕ್ಕಳೇ ಕಡಿಮೆ ಆಗ್ತಿವೆ. ಇನ್ನೂ ಯಾಕೆ ಈ ಮಾತು?

2019-21ರ ಸಮೀಕ್ಷೆಯ ಹೊತ್ತಿಗೇ ನಮ್ಮಲ್ಲಿ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇಳಿಸುವುದೇ ಗುರಿಯಾಗಿದ್ದರೆ ಕೆಲಸ ಮುಗಿದಿದೆ. ಆದರೆ ಈ ಪುಟದಲ್ಲಿ ಪ್ರಶ್ನೆ ಕೇಳಿದ ಒಬ್ಬಳೂ ದೇಶದ ಜನಸಂಖ್ಯೆಯ ಬಗ್ಗೆ ಕೇಳಲಿಲ್ಲ. ಎರಡು ಮಕ್ಕಳ ನಡುವೆ ಮೂರು ವರ್ಷ ಬಿಡುವು ಬೇಕು ಅಂದರು, ಬಿ.ಎಡ್. ಮುಗಿಸಬೇಕು ಅಂದರು, ರಾತ್ರಿ ಭಯ ಇಲ್ಲದೆ ಮಲಗಬೇಕು ಅಂದರು.

ನಾನು ಅತ್ತೆ. ಹೊಸದಾಗಿ ಸೊಸೆ ಬಂದಿದ್ದಾಳೆ, ಓದ್ತಿದ್ದಾಳೆ. ಈ ಮಾತು ಹೇಗೆ ಎತ್ತಲಿ?

ಈ ಪತ್ರ ಬಂದ ದಿನ ನನಗೆ ತುಂಬ ಖುಷಿಯಾಯಿತು. ಎತ್ತಬೇಕಾದ್ದು ಸೊಸೆಯ ಹತ್ತಿರ ಮಾತ್ರವಲ್ಲ, ಮಗನ ಹತ್ತಿರವೂ. ಇಬ್ಬರೂ ಕೂತಿರುವಾಗ "ನಿಮಗೆ ಯಾವಾಗ ಬೇಕೋ ಆವಾಗಾಗಲಿ, ನನ್ನಿಂದ ಒತ್ತಾಯ ಇಲ್ಲ" ಅಂದುಬಿಡಿ. ಯಾವ ವಿಧಾನ ಅಂತ ನೀವು ಕೇಳಬೇಡಿ. ಡಾಕ್ಟರ ಹತ್ತಿರ ಇಬ್ಬರೇ ಹೋಗಲಿ.

ಆಮೇಲೆ ನಿಮ್ಮ ಪಾಲಿನ ಕೆಲಸ ಶುರು. ಮುಂದಿನ ಮದುವೆಮನೆಯಲ್ಲಿ ಯಾರಾದರೂ ನಿಮ್ಮ ಸೊಸೆಯ ಹೊಟ್ಟೆ ನೋಡಿ "ಏನಾದ್ರೂ ವಿಶೇಷನಾ?" ಅಂದೇ ಅನ್ನುತ್ತಾರೆ. ಅವಳು ಬಾಯಿ ತೆರೆಯುವ ಮೊದಲು ನೀವೇ ಹೇಳಿ: "ಪರೀಕ್ಷೆ ಇದೆ ಕಣ್ರೀ ಅವಳಿಗೆ."